ಬ್ಲಾಕ್ ಒಂದಕ್ಕೊಂದು ಕೂಡುತ್ತಿಲ್ಲವೇ? ಕೈಹೊಲಿಗೆಯ ಕೌದಿಯಲ್ಲಿ ತಪ್ಪು ಹುಡುಕುವ ದಾರಿ

ಹೋದ ದಸರೆಯ ರಜೆಯಲ್ಲಿ ಹಾಲ್‌ನ ನೆಲ ಒರೆಸಿ, ಮೂರು ವರ್ಷದಿಂದ ಕೈಯಲ್ಲೇ ಹೊಲಿದು ಟ್ರಂಕಿನಲ್ಲಿ ಇಟ್ಟಿದ್ದ 30 ಬ್ಲಾಕ್‌ಗಳನ್ನು (ಚಿಂದಿ ತುಂಡುಗಳನ್ನು ಕೂಡಿಸಿ ಹೊಲಿದ ಚೌಕಗಳು, ಇವನ್ನೇ ಜೋಡಿಸಿ ದೊಡ್ಡ ಹೊದಿಕೆ ಮಾಡುವುದು) ಮೊದಲ ಸಲ ಒಟ್ಟಿಗೆ ಹರಡಿದೆ. ಅಡ್ಡಕ್ಕೆ ಐದು, ಉದ್ದಕ್ಕೆ ಆರು. ಅವ್ವನ ಇಳಕಲ್ಲ ಸೀರೆ, ಅಪ್ಪನ ಧೋತರ, ಧಾರವಾಡದ ನಮ್ಮ ಓಣಿಯ ಟೇಲರ್ ಕೊಟ್ಟ ಚಿಂದಿ, ಮಗಳ ಸಣ್ಣಂದಿನ ಫ್ರಾಕು, ಎಲ್ಲವೂ ಅದರಲ್ಲಿದ್ದವು. ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದಾಗ ಚೆಂದ ಕಂಡಿದ್ದವು. ಪಕ್ಕಪಕ್ಕ ಇಟ್ಟ ಮೇಲೆ ಗೊತ್ತಾಯಿತು, ಒಂದರ ಅಂಚು ಇನ್ನೊಂದಕ್ಕೆ ಕೂಡುವುದಿಲ್ಲ. ಕೆಲವು ದೊಡ್ಡವು, ಕೆಲವು ಸಣ್ಣವು. ನಾಲ್ಕೈದು ಬ್ಲಾಕ್‌ಗಳ ಅಂಚು ಹಪ್ಪಳದ ಹಾಗೆ ಏಳುತ್ತಿತ್ತು.

ನೋಡಲು ಬಂದ ಪಕ್ಕದ ಮನೆಯ ಕಾಕೂ ಹೇಳಿದರು: "ಎಳದು ಹಚ್ಚಿ ಹೊಲಿರಿ, ಕೂಡತಾವ. ನಮ್ಮವ್ವ ಕೌದಿ ಹೊಲಿಯೂಮುಂದ ಸ್ಕೇಲ್ ಹಿಡದಿದ್ದನ್ನ ನಾ ಒಂದಿನಾನೂ ನೋಡಿಲ್ಲ."

ಅವರು ಹೇಳಿದ್ದು ಕೌದಿಯ ಮಟ್ಟಿಗೆ ನಿಜ. ಆದರೆ ನಾನು ಮಾಡುತ್ತಿದ್ದ ಕೆಲಸ ಬೇರೆ ಜಾತಿಯದು. ಈ ವ್ಯತ್ಯಾಸ ತಿಳಿದರೆ ಅರ್ಧ ತಪ್ಪುಗಳ ಮೂಲ ಸಿಗುತ್ತದೆ. ಅದಕ್ಕೇ ಮೊದಲು ಅದನ್ನೇ ಹೇಳುತ್ತೇನೆ.

ಕೌದಿಯ ಕೈ, ಬ್ಲಾಕಿನ ಕೈ

ನಮ್ಮ ಕಡೆಯ ಕೌದಿಯಲ್ಲಿ ಕೆಳಗೆ ಒಂದು ದೊಡ್ಡ ಅರಿವೆ ಇರುತ್ತದೆ. ಹಳೇ ಸೀರೆ ಇಲ್ಲವೇ ಧೋತರ. ಅದರ ಮೇಲೆ ತುಂಡುಗಳನ್ನು ಅಂಚು ಮಡಚಿ ಇಡುತ್ತಾ, ಎಲ್ಲ ಪದರಗಳನ್ನೂ ಸೇರಿಸಿ ಸಾಲು ಟಾಕಿ (ಸೂಜಿಯ ಒಂದೊಂದು ಹೆಜ್ಜೆ) ಹಾಕುತ್ತಾ ಹೋಗುತ್ತಾರೆ. ಮನೆಮನೆಗೆ ಬಂದು ಕೌದಿ ಹೊಲಿದುಕೊಡುವ ಗೊಂದಲಿಗರ ಹೆಣ್ಣುಮಕ್ಕಳೂ ಹೀಗೇ ಹೊಲಿಯುತ್ತಾರೆ. ಪಕ್ಕದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯೂ ಹೀಗೇ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಇಲ್ಲಿ ಒಂದು ತುಂಡು ಎರಡು ಸೂತು (ಕಾಲಿಂಚು) ಸಣ್ಣದಾದರೆ ಪಕ್ಕದ ತುಂಡನ್ನು ಸ್ವಲ್ಪ ಜಾಸ್ತಿ ಮೇಲೆ ಏರಿಸಿದರೆ ಆಯಿತು. ಕೆಳಗಿನ ಅರಿವೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಕಣ್ಣಳತೆ ಸಾಕು.

ಬ್ಲಾಕ್ ಹೊಲಿಯುವಾಗ ಕೆಳಗೆ ಏನೂ ಇಲ್ಲ. ತುಂಡಿಗೆ ತುಂಡು, ಅಂಚಿಗೆ ಅಂಚು. ಒಂದು ತುಂಡಿನ ತಪ್ಪನ್ನು ಪಕ್ಕದ ತುಂಡೇ ಹೊರಬೇಕು. ಅದು ಅಲ್ಲಿಗೇ ನಿಲ್ಲದೆ ಮುಂದಿನ ಸಾಲಿಗೂ ಹೋಗುತ್ತದೆ. ಕೌದಿ ನೋಡುತ್ತಾ ಬೆಳೆದ ನಮ್ಮಂಥವರು ಕಣ್ಣಳತೆಯ ಕೈಯನ್ನೇ ಬ್ಲಾಕಿಗೂ ತರುತ್ತೇವೆ. ದಾರವನ್ನು ಬಿಗಿಯಾಗಿ ಎಳೆಯುತ್ತೇವೆ, ದಪ್ಪ ಸೂಜಿ ಹಿಡಿಯುತ್ತೇವೆ, ಅರಿವೆಯ ಹಾಸು-ಹೊಕ್ಕು (ಉದ್ದ-ಅಡ್ಡ ಎಳೆ) ನೋಡದೆ ಕತ್ತರಿಸುತ್ತೇವೆ. ಕೌದಿಯಲ್ಲಿ ಇವು ಯಾವುವೂ ತಪ್ಪಲ್ಲ. ಬ್ಲಾಕಿನಲ್ಲಿ ಒಂದೊಂದೂ ಲೆಕ್ಕಕ್ಕೆ ಬರುತ್ತದೆ.

ಬಿಚ್ಚುವ ಮೊದಲು ಅಳೆಯಿರಿ

ತಪ್ಪು ಕಂಡ ಕೂಡಲೇ ಹೊಲಿಗೆ ಬಿಚ್ಚಲು ಕೂಡಬೇಡಿ. ಬಿಚ್ಚಿದರೆ ಸಾಕ್ಷಿಯೇ ಹೋಗುತ್ತದೆ. ಹಳೇ ಅರಿವೆಯಾಗಿದ್ದರೆ ಅಂಚೂ ಹಾಳಾಗುತ್ತದೆ.

ನಾನು ಹೊಲಿಯುತ್ತಿರುವುದು ಒಂಬತ್ತು ಮನೆಯ ಬ್ಲಾಕ್. ಮೂರು ಅಡ್ಡ, ಮೂರು ಉದ್ದ, ಒಂದೊಂದು ಮನೆ 4 ಇಂಚು. ಅರ್ಧದಷ್ಟು ಬ್ಲಾಕ್‌ಗಳು ಬರೀ ಚೌಕದವು, ಅಂದರೆ ನೈನ್ ಪ್ಯಾಚ್. ಉಳಿದವು ಓಹಿಯೋ ಸ್ಟಾರ್, ನಾಲ್ಕು ಮನೆಗಳಲ್ಲಿ ತ್ರಿಕೋನ ಬರುವ ಅಮೆರಿಕದ ಹಳೇ ನಮೂನೆ. ಎರಡಕ್ಕೂ ಹೊಲಿದಾದ ಅಳತೆ 12 ಇಂಚು ಬರಬೇಕು. ಸುತ್ತಲೂ ಎರಡು ಸೂತಿನ, ಅಂದರೆ ಕಾಲಿಂಚಿನ ಮಾರ್ಜಿನ್ (ಹೊಲಿಗೆಯ ಆಚೆ ಬಿಡುವ ಅರಿವೆ) ಸೇರಿಸಿದರೆ 12½ ಇಂಚು.

ಅಳೆಯುವಾಗ ಒಂದು ಎಚ್ಚರ. ಕೈಹೊಲಿಗೆಯಲ್ಲಿ ನಾವು ಅರಿವೆಯ ಒಳಮೈ ಮೇಲೆ ಪೆನ್ಸಿಲ್‌ನಿಂದ ಹೊಲಿಗೆಯ ಗೆರೆ ಎಳೆದು, ಮಾರ್ಜಿನ್ ಅನ್ನು ಹೆಚ್ಚುಕಡಿಮೆ ಅಂದಾಜಿನಲ್ಲಿ ಬಿಟ್ಟು ಕತ್ತರಿಸುತ್ತೇವೆ. ಹಾಗಾಗಿ ಕತ್ತರಿಸಿದ ಅಂಚಿನಿಂದ ಅಂಚಿಗೆ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಬ್ಲಾಕನ್ನು ಉಲ್ಟಾ ಹಾಕಿ ಗೆರೆಯಿಂದ ಗೆರೆಗೆ ಅಳೆಯಿರಿ. ಅಡ್ಡಕ್ಕೆ ಮೂರು ಕಡೆ ಅಳೆಯಿರಿ: ಮೇಲೆ, ನಡುವೆ, ಕೆಳಗೆ. ಆಮೇಲೆ ಉದ್ದಕ್ಕೂ ಹಾಗೇ ಮೂರು ಕಡೆ: ಎಡಕ್ಕೆ, ನಡುವೆ, ಬಲಕ್ಕೆ. ಕೊನೆಗೆ ಮೂಲೆಯಿಂದ ಎದುರು ಮೂಲೆಗೆ ಹೋಗುವ ಎರಡು ಮೂಲೆಗೆರೆ. ಎರಡೂ ಮೂಲೆಗೆರೆ ಸಮ ಇಲ್ಲದಿದ್ದರೆ ಬ್ಲಾಕ್ ಓರೆಯಾಗಿದೆ ಎಂದರ್ಥ. ಆಗ ತಪ್ಪು ಸಾಮಾನ್ಯವಾಗಿ ಸಾಲುಗಳನ್ನು ಜೋಡಿಸಿದ ಉದ್ದನೆಯ ಹೊಲಿಗೆಯಲ್ಲಿ ಇರುತ್ತದೆ. ಬಟ್ಟೆಯ ಟೇಪು ಹಿಗ್ಗಿರಬಹುದು. ಸ್ಟೀಲ್ ಸ್ಕೇಲ್ ಬಳಸಿ.

ನನ್ನ ಪುಣ್ಯಕ್ಕೆ ಪ್ರತಿ ಬ್ಲಾಕಿನ ಹಿಂದೆ ನಂಬರ್ ಮತ್ತು ತಿಂಗಳು ಬರೆಯುವ ರೂಢಿ ಇತ್ತು. ಮೂವತ್ತೂ ಅಳೆದು, ನಂಬರಿನ ಪ್ರಕಾರ ಒಂದು ಹಾಳೆಯಲ್ಲಿ ಬರೆದೆ. ಅಲ್ಲಿಯವರೆಗೆ ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ. ಹಾಳೆ ನೋಡಿದರೆ ಬೇರೆಯೇ ಕಥೆ. 1ರಿಂದ 11ರವರೆಗೆ ಎಲ್ಲ 12 ಇಂಚು, ಕೂದಲೆಳೆ ಹೆಚ್ಚುಕಡಿಮೆ. 12ರಿಂದ 20, ಎಲ್ಲ 12¼. 21ರಿಂದ ಮುಂದಿನವು ಬಹುತೇಕ 11¾. ಕೈ ತಪ್ಪಿದ್ದರೆ ಅಳತೆ ಒಂದೊಂದಕ್ಕೂ ಬೇರೆ ಬರಬೇಕಿತ್ತು, ಅಲ್ವಾ? ಇಲ್ಲಿ ಗುಂಪುಗುಂಪಾಗಿ ಬದಲಾಗಿದೆ. ಅಂದರೆ 12ನೇ ಬ್ಲಾಕಿನ ಹತ್ತಿರ ಏನೋ ಒಂದು ಬದಲಾಯಿತು, 21ರ ಹತ್ತಿರ ಇನ್ನೊಂದು.

ಬ್ಲಾಕ್ ದೊಡ್ಡದಾದರೆ

12ನೇ ಬ್ಲಾಕಿನ ಹೊತ್ತಿಗೆ, ತುಂಡಿನ ಗೆರೆ ಎಳೆಯಲು ಬಳಸುತ್ತಿದ್ದ ನನ್ನ ರಟ್ಟಿನ ಅಚ್ಚು ಮೂಲೆ ಸವೆದು ಉರುಟಾಗಿತ್ತು. ಹಳೇ ಅಚ್ಚನ್ನೇ ಹೊಸ ರಟ್ಟಿನ ಮೇಲಿಟ್ಟು, ಸುತ್ತ ಪೆನ್ಸಿಲ್ ಎಳೆದು, ಗೆರೆಯ ಹೊರಗಿಂದ ಕತ್ತರಿಸಿ ಹೊಸದು ಮಾಡಿಕೊಂಡಿದ್ದೆ. ಪೆನ್ಸಿಲ್ ಗೆರೆಯ ದಪ್ಪ ಸೇರಿ ಒಂದೊಂದು ಬದಿಗೆ ಸುಮಾರು 1 ಮಿಲಿಮೀಟರ್ ಜಾಸ್ತಿಯಾಯಿತು. ಒಂದು ಮನೆಗೆ ಎರಡು ಬದಿ, 2 ಮಿಲಿಮೀಟರ್. ಮೂರು ಮನೆಗೆ 6. ಅದು ಹೆಚ್ಚುಕಡಿಮೆ ಕಾಲಿಂಚು. ಟೀಪಾಯಿ ಮೇಲೆ ಎರಡೂ ಅಚ್ಚನ್ನು ಒಂದರ ಮೇಲೊಂದು ಇಟ್ಟಾಗ ಹೊಸದು ಸುತ್ತಲೂ ಹೊರಗೆ ಇಣುಕುತ್ತಿತ್ತು.

ಹೀಗಾದರೆ ಪರೀಕ್ಷೆ ಸುಲಭ. ಬ್ಲಾಕಿನ ಹಿಂದೆ ನೋಡಿ. ಹೊಲಿಗೆ ಸರಿಯಾಗಿ ಗೆರೆಯ ಮೇಲೇ ಕೂತಿದೆ, ಆದರೂ ಅಳತೆ ದೊಡ್ಡದು ಅಂದರೆ ತಪ್ಪು ಅಚ್ಚಿನದು, ಕೈಯದಲ್ಲ. ಅಚ್ಚಿನಿಂದ ಅಚ್ಚು ಎಂದೂ ತೆಗೆಯಬೇಡಿ. ಪ್ರತಿ ಸಲ ಸ್ಕೇಲು ಹಿಡಿದು ಗ್ರಾಫ್ ಹಾಳೆಯಿಂದ ಹೊಸದಾಗಿ ಬರೆಯಿರಿ. ರಟ್ಟಿಗಿಂತ ಹಳೇ ಎಕ್ಸ್‌ರೇ ಫಿಲ್ಮ್ ಒಳ್ಳೆಯದು. ಅಂಚು ಸವೆಯುವುದಿಲ್ಲ, ಆಚೆಯ ಹೂವಿನ ಚಿತ್ತಾರವೂ ಕಾಣುತ್ತದೆ. ಅದರ ಹಿಂದೆ ಸ್ವಲ್ಪ ಮರಳು ಕಾಗದ ಅಂಟಿಸಿದರೆ ಅರಿವೆಯ ಮೇಲೆ ಜಾರುವುದಿಲ್ಲ. ಪೆನ್ಸಿಲ್ ಮೊನೆ ಚೂಪಾಗಿರಲಿ, ಅದನ್ನು ಅಚ್ಚಿನ ಬುಡಕ್ಕೆ ವಾಲಿಸಿ ಹಿಡಿಯಿರಿ. ಕಪ್ಪು ಅರಿವೆಗೆ ನಮ್ಮ ಟೇಲರ್‌ಗಳು ಮಾಡುವ ಹಾಗೆ ಸವೆದ ಸೋಪಿನ ತೆಳು ಚೂರು ಬಳಸಬಹುದು, ಆದರೆ ಅದರ ಅಂಚನ್ನು ಆಗಾಗ ಚಾಕುವಿನಿಂದ ಕೆತ್ತುತ್ತಿರಬೇಕು. ದಪ್ಪ ಸೋಪಿನ ಗೆರೆ ಅಂದರೆ ಒಂದು ಸೂತು ಹೋಯಿತು ಅಂತಲೇ ಲೆಕ್ಕ. ಬಾಲ್ ಪೆನ್ನು ಮಾತ್ರ ಬೇಡ.

ಬ್ಲಾಕ್ ಸಣ್ಣದಾದರೆ

21ರಿಂದ ಮುಂದೆ ಎಕ್ಸ್‌ರೇ ಅಚ್ಚು ಬಂದಿತ್ತು, ಅಳತೆಯೂ ಸರಿ ಇತ್ತು. ಹಾಗಾದರೆ ಯಾಕೆ ಸಣ್ಣದಾದವು? ಬ್ಲಾಕ್ ತಿರುಗಿಸಿ ನೋಡಿದೆ. ಗೆರೆಯೇ ಇಲ್ಲ, ಅದಕ್ಕೇ ಇವನ್ನು ಅಂಚಿನಿಂದ ಅಳೆದು ಮಾರ್ಜಿನ್ ಕಳೆದಿದ್ದೆ! ಆಗ ನೆನಪಾಯಿತು. ಬೇಗ ಮುಗಿಯಲಿ ಅಂತ ಮಾರ್ಜಿನ್ ಸೇರಿಸಿದ 4½ ಇಂಚಿನ ಅಚ್ಚು ಮಾಡಿಕೊಂಡು, ಗೆರೆ ಎಳೆಯುವುದನ್ನು ಬಿಟ್ಟು, ಅಂಚಿನಿಂದ ಎರಡು ಸೂತು ಅಂತ ಕಣ್ಣಂದಾಜಿನಲ್ಲಿ ಹೊಲಿದಿದ್ದೆ. ಕೌದಿಯ ಕಣ್ಣಳತೆ ವಾಪಸ್ ಬಂದಿತ್ತು.

ಲೆಕ್ಕ ನೋಡಿ. ಹೊಲಿಗೆ ಬರೀ ಅರ್ಧ ಸೂತು, ಅಂದರೆ ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಸರಿದರೆ, ಎರಡೂ ತುಂಡುಗಳಿಂದ ಅಷ್ಟಷ್ಟು ಹೋಗುತ್ತದೆ. ಒಂದು ಹೊಲಿಗೆಗೆ ಒಂದು ಸೂತು. ಮೂರು ಮನೆಯ ಸಾಲಿನಲ್ಲಿ ಎರಡು ಹೊಲಿಗೆ. ಒಟ್ಟು ಎರಡು ಸೂತು, ಕಾಲಿಂಚು. ನನ್ನ ಬ್ಲಾಕ್ 12ರಿಂದ 11¾ಕ್ಕೆ ಇಳಿದದ್ದು ಹೀಗೆ. ಮನೆಗಳು ಜಾಸ್ತಿ ಇರುವ ನಮೂನೆಯಲ್ಲಿ ಇದು ಇನ್ನೂ ಬೆಳೆಯುತ್ತದೆ.

ನಿಮ್ಮ ಕಣ್ಣಂದಾಜು ಎಷ್ಟು ಸರಿ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. 1½ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಉದ್ದಕ್ಕೆ ಒಂದರ ಪಕ್ಕ ಒಂದು ಹೊಲಿದು, ಇಸ್ತ್ರಿ ಮಾಡಿ ನಡುವಿನ ಪಟ್ಟಿ ಅಳೆಯಿರಿ. ಸರಿಯಾಗಿ 1 ಇಂಚು ಬಂದರೆ ನಿಮ್ಮ ಕಣ್ಣು ಪಕ್ಕಾ. ಕಡಿಮೆ ಬಂದರೆ ಮಾರ್ಜಿನ್ ಜಾಸ್ತಿ ತಿನ್ನುತ್ತಿದ್ದೀರಿ. ನಾನು ಈಗ ಮತ್ತೆ ಗೆರೆಗೇ ಬಂದಿದ್ದೇನೆ. ಎರಡೂ ತುಂಡಿನ ಮೇಲೆ ಗೆರೆ ಬೇಕು, ಒಂದರ ಮೇಲೆ ಸಾಲದು. ನಾಲ್ಕೈದು ಟಾಕಿಗೊಮ್ಮೆ ತಿರುಗಿಸಿ, ಸೂಜಿ ಆಚೆಯ ಗೆರೆಯ ಮೇಲೂ ಬರುತ್ತಿದೆಯೇ ನೋಡಬೇಕು.

ಗೆರೆ ಇದೆ, ಹೊಲಿಗೆಯೂ ಗೆರೆಯ ಮೇಲಿದೆ, ಅಚ್ಚೂ ಸರಿ ಇದೆ, ಆದರೂ ಸಣ್ಣದಾಗಿದೆ ಅಂದರೆ ಎರಡು ಕಾರಣ ಉಳಿಯುತ್ತವೆ. ಒಂದು, ಇಸ್ತ್ರಿಯಲ್ಲಿ ಹೊಲಿಗೆ ಪೂರ್ತಿ ಬಿಡಿಸಿಕೊಂಡಿಲ್ಲ, ಬುಡದಲ್ಲಿ ಸಣ್ಣ ಮಡಿಕೆ ಉಳಿದಿದೆ. ಉಗುರಿನಿಂದ ಹೊಲಿಗೆಯ ಮೇಲೆ ಗೀರಿ ನೋಡಿ, ಅರಿವೆ ತೆರೆದುಕೊಂಡರೆ ಅದೇ ಕಾರಣ. ಇನ್ನೊಂದು, ಅರಿವೆ ಕುಗ್ಗಿದೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. 12 ಇಂಚಿಗೆ ಅದು ಅರ್ಧ ಇಂಚಿನ ಹತ್ತಿರ ಹೋಗಬಹುದು. ಹಳೇ ಸೀರೆ ಎಷ್ಟೋ ಸಲ ಒಗೆದದ್ದು, ಅದು ಇನ್ನು ಕುಗ್ಗುವುದಿಲ್ಲ. ಟೇಲರ್ ಕೊಟ್ಟ ಹೊಸ ಚಿಂದಿ ಕುಗ್ಗುತ್ತದೆ. ಎರಡನ್ನೂ ಒಂದೇ ಬ್ಲಾಕಿನಲ್ಲಿ ಸೇರಿಸುವ ನಮ್ಮಂಥವರು ಚಿಂದಿಯನ್ನು ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ನೆನೆಸಿ ಒಣಗಿಸಲೇಬೇಕು.

ಅಂಚು ಏಳುತ್ತದೆ, ಇಲ್ಲವೇ ನಡು ಉಬ್ಬುತ್ತದೆ

ಇವೆರಡನ್ನೂ ಒಂದೇ ತಪ್ಪು ಅಂದುಕೊಳ್ಳುತ್ತಾರೆ. ಅಲ್ಲ. ಬ್ಲಾಕನ್ನು ನೆಲದ ಮೇಲೆ ಹಾಕಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ನೋಡಿ.

ನಡು ಭಾಗ ಚಪ್ಪಟೆ ಕೂತು ಅಂಚು ಅಲೆಅಲೆಯಾಗಿ ಎದ್ದರೆ, ಹೊರಗಿನ ಅಂಚು ಹಿಗ್ಗಿದೆ. ನೇಯ್ದ ಅರಿವೆಯಲ್ಲಿ ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ ಇರುತ್ತದೆ. ಈ ಎರಡೂ ದಿಕ್ಕಿಗೆ ಎಳೆದರೆ ಅರಿವೆ ಹೆಚ್ಚು ಹಿಗ್ಗುವುದಿಲ್ಲ. ಓರೆಯಾಗಿ, ಅಂದರೆ ಟೇಲರ್‌ಗಳು ಕ್ರಾಸ್ ಅನ್ನುವ ದಿಕ್ಕಿಗೆ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ನನ್ನ ಅಂಚು ಎದ್ದ ಬ್ಲಾಕ್‌ಗಳೆಲ್ಲ ಓಹಿಯೋ ಸ್ಟಾರ್. ಬರೀ ಚೌಕದ ಒಂದು ಬ್ಲಾಕೂ ಎದ್ದಿರಲಿಲ್ಲ. ಹಾಗಾಗಿ ತ್ರಿಕೋನದ ಮೇಲೇ ಅನುಮಾನ ಬಂತು.

ಆ ನಮೂನೆಯಲ್ಲಿ ನಾಲ್ಕು ತ್ರಿಕೋನ ಸೇರಿ ಒಂದು ಮನೆ ಆಗುತ್ತದೆ. ಅವುಗಳಲ್ಲಿ ಒಂದರ ಉದ್ದನೆಯ ಬದಿ ಬ್ಲಾಕಿನ ಹೊರ ಅಂಚಿಗೆ ಬರುತ್ತದೆ. ಆ ಉದ್ದನೆಯ ಬದಿ ಹಾಸಿನ ಇಲ್ಲವೇ ಹೊಕ್ಕಿನ ಗುಂಟ ಇರಬೇಕು. ಗಿಡ್ಡ ಬದಿಗಳು ಕ್ರಾಸ್ ಆದರೂ ಪರವಾಗಿಲ್ಲ, ಅವು ಒಳಗೆ ಒಂದಕ್ಕೊಂದು ಹೊಲಿದು ಬಂಧಿಯಾಗುತ್ತವೆ. ನಾನು ಅರಿವೆ ಉಳಿಸಲು ಅಚ್ಚನ್ನು ಬೇಕಾದ ಹಾಗೆ ತಿರುಗಿಸಿ ಇಟ್ಟಿದ್ದೆ. ಕೆಲವು ತ್ರಿಕೋನಗಳಲ್ಲಿ ಉದ್ದ ಬದಿಯೇ ಕ್ರಾಸ್ ಆಗಿತ್ತು. ಅವೇ ಎದ್ದವು. ನೋಡಲು ಎರಡೂ ತ್ರಿಕೋನ ಒಂದೇ ಥರ ಕಾಣುತ್ತವೆ. ಹೊರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ, ಹಿಗ್ಗಿದರೆ ಅದು ಕ್ರಾಸ್. ಈಗ ನನ್ನ ಪ್ರತಿ ಅಚ್ಚಿನ ಮೇಲೂ ಹಾಸಿನ ದಿಕ್ಕಿಗೆ ಬಾಣದ ಗುರುತು ಇದೆ.

ಆಗಲೇ ಹೊಲಿದುಬಿಟ್ಟಿದ್ದರೆ? ಬಿಚ್ಚಬೇಕಿಲ್ಲ. ಹೊರ ಅಂಚಿನ ಮಾರ್ಜಿನ್ ಒಳಗೆ ಒಂದು ಸಾಲು ಸಣ್ಣ ಟಾಕಿ ಹಾಕಿ, ದಾರವನ್ನು ಸ್ವಲ್ಪವೇ ಎಳೆದು 4 ಇಂಚಿಗೆ ತನ್ನಿ, ಗಂಟು ಹಾಕಿ. ಆಮೇಲೆ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆಯನ್ನು ಮೇಲಿನಿಂದ ಇಟ್ಟು, ಎತ್ತಿ, ಮತ್ತೆ ಇಡಿ. ಉಜ್ಜಬೇಡಿ. ಅಂಗಿಗೆ ಹಾಕುವ ಹಾಗೆ ಹಿಂದೆಮುಂದೆ ತಳ್ಳಿದರೆ ಕ್ರಾಸ್ ಅಂಚು ಇನ್ನೂ ಹಿಗ್ಗುತ್ತದೆ. ಹೊಲಿಗೆ ಸರಿ ಇದ್ದ ಎಷ್ಟೋ ಬ್ಲಾಕ್ ಇಸ್ತ್ರಿಯಿಂದಲೇ ಓರೆಯಾಗುತ್ತವೆ.

ಇನ್ನು ಅಂಚು ಚಪ್ಪಟೆ ಇದ್ದು ನಡು ಬೋಗುಣಿಯ ಹಾಗೆ ಉಬ್ಬಿದರೆ, ಹೊರಗಿನ ಹೊಲಿಗೆಗಳು ಬಿಗಿಯಾಗಿವೆ. ಇದು ದಾರ ಎಳೆಯುವ ಕೈಯ ತಪ್ಪು. ಕೌದಿಯಲ್ಲಿ ಬಿಗಿ ಎಳೆತ ಬೇಕು, ಪದರಗಳು ಕೂಡಬೇಕಲ್ಲ. ಇಲ್ಲಿ ಎರಡೇ ತೆಳು ಅರಿವೆ. ಒಂದು ಹೊಲಿಗೆ ಮುಗಿದ ಮೇಲೆ, ಗಂಟು ಹಾಕುವ ಮೊದಲು, ಹೊಲಿಗೆಯನ್ನು ಎರಡೂ ತುದಿ ಹಿಡಿದು ಒಮ್ಮೆ ಮೆತ್ತಗೆ ಎಳೆಯಿರಿ. ಅರಿವೆ ತನಗೆ ಬೇಕಾದಷ್ಟು ದಾರ ತಾನೇ ತೆಗೆದುಕೊಳ್ಳುತ್ತದೆ. ಆಮೇಲೆ ಗಂಟು. ನನ್ನ ಅತ್ತೆ ಇದನ್ನು ನೋಡಿ "ದಾರಕ್ಕ ಉಸರಾಡಾಕ ಬಿಡಬೇಕವ್ವಾ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮೂಲೆಗಳು ಸೇರುತ್ತಿಲ್ಲ

ನಾಲ್ಕು ಮನೆ ಸೇರುವ ಜಾಗದಲ್ಲಿ ಒಂದು ಮೂಲೆ ಮೇಲೆ, ಒಂದು ಕೆಳಗೆ ಕೂತರೆ ಕಣ್ಣಿಗೆ ಚುಚ್ಚುತ್ತದೆ. ತುಂಡುಗಳ ಅಳತೆ ಸರಿ ಇದ್ದೂ ಹೀಗಾದರೆ ಪಿನ್ನು ಹಾಕಿದ್ದು ತಪ್ಪು.

ಮೊದಲ ಪಿನ್ನನ್ನು ಈಚೆಯ ತುಂಡಿನ ಗೆರೆಗಳು ಕೂಡುವ ಬಿಂದುವಿನಲ್ಲಿ ನೆಟ್ಟಗೆ ಚುಚ್ಚಿ, ಆಚೆಯ ತುಂಡಿನ ಅದೇ ಬಿಂದುವಿನಲ್ಲಿ ಹೊರಗೆ ತೆಗೆಯಿರಿ. ಇನ್ನೊಂದು ತುದಿಗೂ ಹಾಗೇ. ಆಮೇಲೆ ನಡುವೆ. ಪಿನ್ನು ಗೆರೆಗೆ ಅಡ್ಡವಾಗಿರಲಿ, ಗೆರೆಯ ಗುಂಟ ಬೇಡ. ಒಂದು ತುಂಡು ಕೂದಲೆಳೆಯಷ್ಟು ಉದ್ದವಾದರೆ ಆ ಹೆಚ್ಚಿನದನ್ನು ಎರಡು ಪಿನ್ನಿನ ನಡುವೆ ಹಂಚಿಬಿಡಿ. ಒಂದು ಸೂತಿನವರೆಗೆ ಹತ್ತಿ ಅರಿವೆ ಸದ್ದಿಲ್ಲದೆ ಒಳಗೆ ಹಾಕಿಕೊಳ್ಳುತ್ತದೆ.

ಎರಡು ಸಾಲು ಜೋಡಿಸುವಾಗ ನಡುವೆ ಹಳೇ ಹೊಲಿಗೆ ಎದುರಾಗುತ್ತದೆ. ಮಾರ್ಜಿನ್ ಎದ್ದು ನಿಂತಿರುತ್ತದೆ. ಅದನ್ನು ಕೂಡಿಸಿ ಹೊಲಿಯಬೇಡಿ. ಮಾರ್ಜಿನ್ ಬುಡದಲ್ಲಿ ಒಂದು ಹಿಂದಿನ ಟಾಕಿ (ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ತೆಗೆಯುವುದು) ಹಾಕಿ, ಸೂಜಿಯನ್ನು ಮಾರ್ಜಿನ್ ಬುಡದಿಂದ ಆಚೆ ದಾಟಿಸಿ, ಆಚೆ ಇನ್ನೊಂದು ಹಿಂದಿನ ಟಾಕಿ ಹಾಕಿ ಮುಂದೆ ಹೋಗಿ. ಹೀಗೆ ಮಾಡಿದರೆ ಮಾರ್ಜಿನ್ ಸಡಿಲವಾಗಿ ಉಳಿಯುತ್ತದೆ, ಇಸ್ತ್ರಿ ಮಾಡುವಾಗ ಬೇಕಾದ ಕಡೆ ತಿರುಗಿಸಬಹುದು. ನಾಲ್ಕು ಮಾರ್ಜಿನ್‌ಗಳನ್ನೂ ಗಿರಗಿಟ್ಟಲೆಯ ಹಾಗೆ ಒಂದೇ ಸುತ್ತಿಗೆ ಹೊರಳಿಸಿದರೆ ನಡುವೆ ಗಂಟಾಗದೆ ಚಪ್ಪಟೆ ಕೂರುತ್ತದೆ. ಮಷಿನ್ ಹೊಲಿಗೆಯಲ್ಲಿ ಈ ಸ್ವಾತಂತ್ರ್ಯ ಸುಲಭಕ್ಕೆ ಸಿಗುವುದಿಲ್ಲ. ನಾನು ಮಷಿನ್ ಇದ್ದೂ ಕೈಯಲ್ಲಿ ಹೊಲಿಯುವುದಕ್ಕೆ ಇದೂ ಒಂದು ಕಾರಣ.

ಬಿಳಿ ಧೋತರದ ಪಕ್ಕ ಕೆಂಪು ಅರಿವೆ ಇದ್ದರೆ ಮಾರ್ಜಿನ್ ಕೆಂಪಿನ ಕಡೆಗೇ ಮಲಗಲಿ. ಬಿಳಿಯ ಕೆಳಗೆ ಮಲಗಿದರೆ ಗೆರೆಯಾಗಿ ಕಾಣುತ್ತದೆ.

ದಾರದ ಜಗಳಗಳು

ದಾರ ಗಂಟಾಗುತ್ತದೆ, ಸಿಂಬಿ ಸುತ್ತುತ್ತದೆ, ನಡುವೆ ಹರಿಯುತ್ತದೆ. ಮೊದಲ ಪ್ರಶ್ನೆ: ಎಷ್ಟು ಉದ್ದ ತೆಗೆದುಕೊಂಡಿರಿ? ಒಂದು ಮೊಳ ಸಾಕು, ಅಂದರೆ 18 ಇಂಚು. ಜಾಸ್ತಿ ಉದ್ದ ಇದ್ದರೆ ಸೂಜಿ ಕಣ್ಣಿನ ಹತ್ತಿರ ಅದೇ ಜಾಗ ನೂರು ಸಲ ಅರಿವೆ ದಾಟಿ ಸವೆಯುತ್ತದೆ. ಎರಡನೆಯದು, ರೀಲಿನಿಂದ ಬಿಚ್ಚಿದ ತುದಿಯನ್ನೇ ಸೂಜಿಗೆ ಪೋಣಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ. ಹೀಗೆ ಮಾಡಿದಾಗ ನನಗೆ ಸಿಕ್ಕು ಕಡಿಮೆ. ಜೇನುಮೇಣದ ತುಂಡಿನ ಮೇಲೆ ದಾರವನ್ನು ಒಮ್ಮೆ ಎಳೆದರೆ ಇನ್ನೂ ಒಳ್ಳೆಯದು. ಹತ್ತಾರು ಟಾಕಿಗೊಮ್ಮೆ ಸೂಜಿಯನ್ನು ಜೋತು ಬಿಡಿ, ಅದು ತಿರುಗಿ ತಿರುಗಿ ಸಿಂಬಿ ಬಿಚ್ಚಿಕೊಳ್ಳುತ್ತದೆ.

ಹಳೇ ರೀಲು ಸಿಕ್ಕಿದರೆ ಎರಡೂ ಕೈಯಲ್ಲಿ ಹಿಡಿದು ಝಗ್ಗನೆ ಎಳೆದು ನೋಡಿ. ಪಟ್ಟಂತ ಹರಿದರೆ ಅದರಿಂದ ಕಚ್ಚಾ ಹೊಲಿಗೆ ಮಾತ್ರ.

ಎದುರಿನ ಮೈಯಲ್ಲಿ ತುಂಡುಗಳ ನಡುವೆ ದಾರ ಇಣುಕುತ್ತಿದ್ದರೆ ಟಾಕಿ ದೊಡ್ಡದಾಗಿದೆ. ಇಂಚಿಗೆ 8ರಿಂದ 10 ಟಾಕಿ ಬರಬೇಕು. ಕೌದಿಯ ಉದ್ದ ಸೂಜಿಯಲ್ಲಿ ಇದು ಆಗುವುದಿಲ್ಲ. 9 ಇಲ್ಲವೇ 10ನೇ ನಂಬರಿನ ಸಣ್ಣ ಸೂಜಿ ಕೇಳಿ. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಮುತ್ತ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ ನೋಡಬಹುದು. ಪ್ರತಿ ಹೊಲಿಗೆಯ ಶುರುವಿಗೂ ಕೊನೆಗೂ ಹಿಂದಿನ ಟಾಕಿ ಹಾಕಿ, ಬರೀ ಗಂಟನ್ನು ನಂಬಬೇಡಿ.

ಅರಿವೆಯೇ ಕೈಕೊಟ್ಟರೆ

ಮೇಲಿನ ಎಲ್ಲವನ್ನೂ ಸರಿ ಮಾಡಿದ ಮೇಲೂ ನನ್ನ 24ನೇ ಬ್ಲಾಕ್ ಒಂದು ಮೂಲೆಯಲ್ಲಿ ಬಿಟ್ಟುಕೊಳ್ಳುತ್ತಿತ್ತು. ಅದು ಅವ್ವನ ದಾಳಿಂಬೆ ಬಣ್ಣದ ಇಳಕಲ್ಲ ಸೀರೆ. ಆ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ನೇಯುವಾಗ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ಇಳಕಲ್ಲಿನ ಹೆಚ್ಚುಗಾರಿಕೆಯೇ ಅದು. ನಾನು ಸರಿಯಾಗಿ ಆ ಕೊಂಡಿಯ ಮೇಲೆಯೇ ಚೌಕ ಕತ್ತರಿಸಿದ್ದೆ. ಅರ್ಧ ಹತ್ತಿ, ಅರ್ಧ ರೇಷ್ಮೆ. ಎರಡೂ ಬೇರೆ ಬೇರೆ ಎಳೆತ. ರೇಷ್ಮೆಯ ಕಡೆ ಮಾರ್ಜಿನ್ ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು.

ಆ ತುಂಡು ಎಸೆಯಲು ಮನಸ್ಸಾಗಲಿಲ್ಲ. ಹಿಂದೆ ತೆಳು ಮಲ್ ಬಟ್ಟೆಯ ಅಸ್ತರ್ ಕೊಟ್ಟು, ಎರಡನ್ನೂ ಸೇರಿಸಿ ಅಂಚಿಗೆ ಸುತ್ತು ಹೊಲಿಗೆ ಹಾಕಿ, ಒಂದೇ ಅರಿವೆಯ ಹಾಗೆ ಬಳಸಿದೆ. ಈಗ ಗಟ್ಟಿ ಇದೆ. ಸೆರಗು, ಗುಳೇದಗುಡ್ಡದ ಖಣ, ಇಂಥ ರೇಷ್ಮೆ ಸೇರಿದ ಅರಿವೆಗೆ ಮಾರ್ಜಿನ್ ಮೂರು ಸೂತಾದರೂ ಬಿಡಿ. ಇಸ್ತ್ರಿಯ ಬಿಸಿ ಕಡಿಮೆ ಇರಲಿ.

ಹಳೇ ಅರಿವೆಯನ್ನು ಕತ್ತರಿಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ತೆಳುವಾದ ಜಾಗ ಜಾಳಿಯ ಹಾಗೆ ಕಾಣುತ್ತದೆ. ಸೀರೆಯ ನಿರಿಗೆ ಬರುವ ಕಡೆ, ಧೋತರದ ನಡು ಭಾಗ ಬೇಗ ಸವೆಯುತ್ತವೆ. ಗಟ್ಟಿ ಅರಿವೆ ಅಂಚಿನ ಹತ್ತಿರ ಸಿಗುತ್ತದೆ. ಎರಡು ಹೆಬ್ಬೆರಳಿನಿಂದ ಒತ್ತಿ ಎಳೆಯಿರಿ. ಚರ್ ಅಂದರೆ ಬೇಡ.

ಟೇಲರ್ ಚಿಂದಿಯಲ್ಲಿ ಪಾಲಿಸ್ಟರ್ ಸೇರಿರುತ್ತದೆ. ಅದು ಮಡಿಕೆ ಹಿಡಿಯುವುದಿಲ್ಲ, ಹೊಲಿಯುವಾಗ ಜಾರುತ್ತದೆ. ಅನುಮಾನ ಬಂದರೆ ನಾಲ್ಕು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಣ್ಣ ಬಿಡುವುದು ಎಲ್ಲಕ್ಕಿಂತ ನೋವಿನ ತಪ್ಪು, ಯಾಕೆಂದರೆ ಅದು ಎಲ್ಲ ಮುಗಿದ ಮೇಲೆ ಕಾಣುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಕಡುನೀಲಿ, ಕಪ್ಪು, ಈ ಮೂರನ್ನೂ ಪರೀಕ್ಷಿಸದೆ ಬಳಸಬೇಡಿ. ಬಿಳಿ ಅರಿವೆಯ ಚೂರನ್ನು ಬಿಸಿನೀರಿನಲ್ಲಿ ಅದ್ದಿ, ಬಣ್ಣದ ಅರಿವೆಯ ಮೇಲೆ ಒತ್ತಿ ಉಜ್ಜಿ ನೋಡಿ. ಕಲೆ ಹತ್ತಿದರೆ ನೀರು ತಿಳಿಯಾಗುವವರೆಗೆ ಒಗೆಯಿರಿ. ನಾಲ್ಕು ಸಲ ಒಗೆದರೂ ಬಿಟ್ಟರೆ ಆ ಅರಿವೆಯನ್ನು ಬೇರೆ ಕೆಲಸಕ್ಕೆ ಇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸ ಇದೆ. ಬಣ್ಣ ಹಾಕಿ ಮುಗಿದ ಅರಿವೆಯಲ್ಲಿ ಉಳಿದ ಬಣ್ಣವನ್ನು ಅದು ಕಟ್ಟಿ ಹಾಕುವುದಿಲ್ಲ. ಬಣ್ಣ ಹತ್ತಿಯೇಬಿಟ್ಟಿದ್ದರೆ ಒಣಗಲು ಬಿಡಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ದೊಡ್ಡ ಬಕೆಟ್ಟಿನ ತುಂಬ ನೀರು, ಸ್ವಲ್ಪ ಒಗೆಯುವ ಪುಡಿ, ಪೂರ್ತಿ ಮುಳುಗಿಸಿ ಇಡಿ, ನೀರು ಬದಲಿಸುತ್ತಿರಿ. ಹಸಿ ಇರುವವರೆಗೆ ಬಿಡಿಸಿಕೊಳ್ಳುವ ಆಸೆ ಇದೆ.

ಕೂಡದ ಮೂವತ್ತನ್ನು ಕೂಡಿಸಿದ್ದು

ಕಾರಣ ಗೊತ್ತಾಯಿತು. ಆದರೆ 19 ಬ್ಲಾಕ್ ಬಿಚ್ಚಿ ಮತ್ತೆ ಹೊಲಿಯುವುದೇ? ಅವ್ವನ ಸೀರೆ ಇನ್ನೊಂದು ಸಲ ಬಿಚ್ಚುವುದನ್ನು ತಾಳುವ ಹಾಗಿರಲಿಲ್ಲ. ದೊಡ್ಡ ಬ್ಲಾಕ್‌ಗಳನ್ನು ಸಣ್ಣದಕ್ಕೆ ಸರಿಯಾಗಿ ಕತ್ತರಿಸುವುದೂ ಆಗದು, ನಕ್ಷತ್ರದ ಮೊನೆಗಳು ಹಾರಿಹೋಗುತ್ತವೆ.

ಪ್ರತಿ ಬ್ಲಾಕಿನ ಸುತ್ತ ಪಟ್ಟಿ ಕೊಟ್ಟೆ. ಗದಗ-ಬೆಟಗೇರಿಯ ಕೈಮಗ್ಗದ ಒಂದು ಹಳೇ ಹತ್ತಿ ಸೀರೆ ಇತ್ತು, ಹಸಿರು ಬಣ್ಣದ್ದು. ಅದನ್ನು 2 ಇಂಚು ಅಗಲದ ಪಟ್ಟಿಯಾಗಿ, ಹಾಸಿನ ಗುಂಟ ಕತ್ತರಿಸಿದೆ. ಹಾಸಿನ ಗುಂಟ ಕತ್ತರಿಸಿದ ಪಟ್ಟಿ ಹಿಗ್ಗುವುದಿಲ್ಲ, ಎದ್ದ ಅಂಚನ್ನೂ ಹಿಡಿದು ಕೂರಿಸುತ್ತದೆ. ಎಲ್ಲ ಬ್ಲಾಕಿಗೂ ನಾಲ್ಕೂ ಕಡೆ ಹೊಲಿದು, ಇಸ್ತ್ರಿ ಮಾಡಿ, 14½ ಇಂಚಿನ ಒಂದು ರಟ್ಟಿನ ಚೌಕವನ್ನು ನಡುವಿಗೆ ಸರಿಯಾಗಿ ಇಟ್ಟು ಹೊರಗಿನದನ್ನು ಕತ್ತರಿಸಿದೆ. ಹೊಲಿದ ಮೇಲೆ ಎಲ್ಲವೂ 14 ಇಂಚು. ಸರಿ ಇದ್ದ ಬ್ಲಾಕಿಗೆ ಪಟ್ಟಿ 1 ಇಂಚು ಕಾಣುತ್ತದೆ. ದೊಡ್ಡದಕ್ಕೆ ಒಂದು ಸೂತು ಕಡಿಮೆ, ಸಣ್ಣದಕ್ಕೆ ಒಂದು ಸೂತು ಜಾಸ್ತಿ. ನೆಲದ ಮೇಲೆ ಹರಡಿದಾಗ ಕಾಕೂ ಕೂತು, ಕನ್ನಡಕ ಹಾಕಿಕೊಂಡು ಹುಡುಕಿದರು. "ಯಾವುದು ಸಣ್ಣದಿತ್ತು, ಯಾವುದು ದೊಡ್ಡದಿತ್ತು ಹೇಳು ನೋಡೂಣು" ಅಂತ ನನ್ನನ್ನೇ ಕೇಳಿದರು. ಹಿಂದಿನ ನಂಬರ್ ನೋಡದೆ ನನಗೂ ಹೇಳಲಾಗಲಿಲ್ಲ.

ಐದು ಅಡ್ಡ, ಆರು ಉದ್ದ, ಈಗ ಅದು 70 ಇಂಚು ಅಗಲ, 84 ಇಂಚು ಉದ್ದ ಬರುತ್ತದೆ. ನಾಲ್ಕು ಸಾಲು ಕೂಡಿಸಿ ಆಗಿದೆ. ಇನ್ನೆರಡು ಸಾಲು ಬಾಕಿ. ಜೊತೆಗೆ ಮಗಳಿಗಾಗಿ ಇನ್ನೊಂದು ಶುರುವಾಗಿದೆ. ಅದರ ಮೊದಲ ಬ್ಲಾಕಿನ ಹಿಂದೆ ನಂಬರ್ ಮತ್ತು ತಿಂಗಳಿನ ಜೊತೆ ಯಾವ ಅಚ್ಚು, ಯಾವ ಸೂಜಿ, ಯಾವ ದಾರ ಅಂತಲೂ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.